ಕಲಿತವರು ಗುಡ್ಡ ಹತ್ತಕೂಡದು

ನಮ್ಮೂರ ಪುರಸಭೆ ನನಗೆ ಕೆಲಸ ಕೊಟ್ಟದ್ದು ನನಗೆ ಆ ಕೆಲಸ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಇಪ್ಪತ್ತೇಳು ವರ್ಷ ಕಲಿಯೋ ಗುಡ್ಡದ ಮೇಲೆ, ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದಲ್ಲಿ ಜಾರುವುದು ಹೇಗೆಂದು ಊರಿನವರಿಗೆ ಹೇಳಿಕೊಟ್ಟೆ. ಅದರಲ್ಲಿ ಇಪ್ಪತ್ತಾರು ವರ್ಷ ಒಂದೇ ಒಂದು ಸಲವೂ ಬೀಳದೆ ಕೆಳಗೆ ಬಂದವಳಲ್ಲ. ಎಸ್ಸೆಸ್ಸೆಲ್ಸಿ ಮೂರು ಸಲ ಡುಮ್ಕಿ ಹೊಡೆದವಳು ನಾನು, ಹೊಲಿಗೆ ಕಲಿಯಲು ಹೋಗಿ ಬೆರಳು ಹೊಲಿದುಕೊಂಡವಳು. ಚಂದ್ರಮತಿಯ ತಲೆಯಲ್ಲಿ ಮೆದುಳಿನ ಬದಲು ಮಣ್ಣಿದೆ ಎಂದು ನಮ್ಮಪ್ಪ ಮನೆಗೆ ಬಂದವರೆದುರೆಲ್ಲ ಹೇಳುತ್ತಿದ್ದರು. ಪುರಸಭೆಯ ಆದೇಶ ಕೈಗೆ ಬಂದ ದಿನ ಅದನ್ನು ಅವರಿಗೆ ಎರಡು ಸಲ ಓದಿ ಹೇಳಿದೆ.

ಗುಡ್ಡ ಇರುವುದು ಬಸ್ ಸ್ಟ್ಯಾಂಡಿನ ಹಿಂದೆ, ಸಂತೆ ಮೈದಾನ ದಾಟಿದ ಮೇಲೆ. ದೊಡ್ಡದೇನಲ್ಲ, ಮೇಲೆ ನಿಂತು ಕೂಗಿದರೆ ಕೆಳಗೆ ಕೇಳುತ್ತದೆ. ಸುತ್ತ ತಂತಿ ಬೇಲಿ. ಬೇಲಿಯಿಂದ ಈಚೆಗೆ ನಮ್ಮೂರಿನ ಬಿಸಿಲು, ಮಾಳಿಗೆಗಳ ಮೇಲೆ ಹಪ್ಪಳ ಸಂಡಿಗೆ, ನೆರಳು ಹುಡುಕುವ ಎಮ್ಮೆಗಳು. ಬೇಲಿಯಿಂದ ಆಚೆಗೆ ಹನ್ನೆರಡು ತಿಂಗಳೂ ಮೊಣಕಾಲುದ್ದ ಹಿಮ. ಗುಡ್ಡದ ಹಿಂಬದಿ ಹಳೆಯ ಕಲ್ಲಿನ ಕ್ವಾರಿ, ನೆಟ್ಟಗೆ ನಲವತ್ತು ಅಡಿ ಕೆಳಗೆ. ಗುಡ್ಡ ಯಾವ ಶಾಖೆಗೆ ಸೇರಬೇಕೆಂದು ಪುರಸಭೆಗೆ ಇನ್ನೂ ತಿಳಿದಿಲ್ಲವಾದ್ದರಿಂದ ಅದು ಆರೋಗ್ಯ ಶಾಖೆಯಲ್ಲಿದೆ, ಹಂದಿ ಹಿಡಿಯುವವರು ಮತ್ತು ಸೊಳ್ಳೆ ಔಷಧಿಯವರ ಜೊತೆಗೆ.

ಗೇಟಿನ ಮೇಲೆ ನೀಲಿ ಬೋರ್ಡು: ‘ಕಲಿಯುವವರಿಗೆ ಮಾತ್ರ. ಕಲಿತವರು ಗುಡ್ಡ ಹತ್ತಕೂಡದು.’ ಬೋರ್ಡು ಇಲ್ಲದಿದ್ದರೂ ಅವರು ಹತ್ತಲಾರರು. ಜಾರುವುದನ್ನು ಕಲಿತವರ ಕಾಲಡಿಯಲ್ಲಿ ನಮ್ಮ ಹಿಮ ನೀರಾಗುತ್ತದೆ. ಕಲಿತ ಗಳಿಗೆಯಲ್ಲೇ ಆಗುತ್ತದೆ, ಆಮೇಲೆ ಅವರ ಪಾಲಿಗೆ ಗುಡ್ಡ ಮುಗಿಯಿತು. ನಾವು ಅದಕ್ಕೆ ಕಾಲು ನೆನೆಯುವುದು ಎನ್ನುತ್ತೇವೆ. ಕಾಲು ನೆನೆದವರನ್ನು ಗೇಟಿನ ಹೊರಗೆ ಕಲ್ಲು ಬೆಂಚಿನ ಮೇಲೆ ಕೂರಿಸಿ, ಸೋದರಮಾವ ತನ್ನ ಹೆಗಲ ಟವೆಲಿನಿಂದ ಕಾಲು ಒರೆಸಿ, ಬಾಯಿಗೊಂದು ಚೂರು ಬೆಲ್ಲ ಹಾಕಬೇಕು. ಸೋದರಮಾವ ಇಲ್ಲದವರಿಗೆ ಯಾರಾದರೂ ಹಿರಿಯರು. ಒಮ್ಮೆ ಒಬ್ಬ ಪುಂಡ, ಕಾಲು ನೆನೆದ ಮಾರನೇ ದಿನವೇ ಬೇಲಿ ಹಾರಿ ಹತ್ತಿದ. ಅರ್ಧ ದಾರಿಗೆ ಅವನ ಕಾಲಡಿ ನೀರಾಗಿ, ಮೇಲಿನ ಹಿಮವೆಲ್ಲ ಒಟ್ಟಿಗೆ ಕುಸಿದು ಅವನನ್ನು ಹೂತುಹಾಕಿತು. ಬದುಕಿದ, ಆದರೆ ಇವತ್ತಿಗೂ ಕುಂಟುತ್ತಾನೆ. ಅಂದಿನಿಂದ ಯಾರೂ ಆ ಸಾಹಸ ಮಾಡಿಲ್ಲ.

ಹಾಗಾಗಿ ಗುಡ್ಡದ ಟೀಚರು ಕಲಿಯದವರೇ ಆಗಿರಬೇಕು. ಇದು ಹೊರಗಿನವರಿಗೆ ನಗು ತರಿಸುತ್ತದೆ; ನಮಗೆ ಇದರಲ್ಲಿ ನಗುವಂಥದ್ದೇನಿದೆಯೋ ಗೊತ್ತಾಗುವುದಿಲ್ಲ. ವರ್ಷಕ್ಕೊಮ್ಮೆ ಯುಗಾದಿ ಕಳೆದ ಮೇಲೆ ಪುರಸಭೆಯ ಪರೀಕ್ಷೆ. ಹೆಲ್ತ್ ಇನ್ಸ್‌ಪೆಕ್ಟರ್ ಜಯಶೀಲಪ್ಪನವರು ಕೊಡೆ ಹಿಡಿದು ಗೇಟಿನಲ್ಲಿ ನಿಲ್ಲುತ್ತಾರೆ, ನಾನು ಮೇಲಿನಿಂದ ಬಂದು ಅವರೆದುರು ಬೀಳಬೇಕು. ಸುಮ್ಮನೆ ಬಿದ್ದಂತೆ ನಟಿಸಿದರೆ ನಡೆಯುವುದಿಲ್ಲ, ಬೇಕೆಂದು ಬೀಳಲು ಬರುವವರು ಕಲಿತವರೇ ಎಂದು ನಿಯಮದಲ್ಲಿ ಬರೆದಿದೆ. ನನಗೆ ಆ ಚಿಂತೆ ಇರಲಿಲ್ಲ. ಇಪ್ಪತ್ತಾರು ವರ್ಷವೂ ಪ್ರಾಮಾಣಿಕವಾಗಿ ಬಿದ್ದಿದ್ದೆ. ನಾನು ಪಾಠ ಹೇಳುತ್ತಿದ್ದದ್ದೂ ಹಾಗೆಯೇ. ಮೊದಲು ನಾನು ಬಿದ್ದು ತೋರಿಸುವುದು, ಎಲ್ಲಿ ಬಿದ್ದೆ ನೋಡಿಕೊಳ್ಳಿ ಎನ್ನುವುದು, ಅಲ್ಲಿ ಮೊಣಕಾಲು ಮಡಚಿ ಎನ್ನುವುದು.

ಆದರೆ ಗುಡ್ಡದ ಲೆಕ್ಕದಲ್ಲಿ ಕಲಿಯುವುದೆಂದರೆ ಏನೆಂದು ಮಾತ್ರ ನನಗೆ ಯಾವತ್ತೂ ಅರ್ಥವಾಗಲಿಲ್ಲ. ಗಿರಣಿಯ ಲೋಕಪ್ಪ ಇಡೀ ಬೇಸಿಗೆ ಒಂದು ಸಲವೂ ಬೀಳದೆ ಜಾರಿದ, ಅವನ ಕಾಲು ಒಣಗಿಯೇ ಇತ್ತು. ಸೂಲಗಿತ್ತಿ ಬಸಮ್ಮ ಮಾತ್ರ ನಾಲ್ಕನೇ ದಿನ ದೊಪ್ಪನೆ ಬಿದ್ದು, ಕೂತಲ್ಲೇ ‘ಓ, ಹಿಂಗಾ’ ಅಂದಳು, ಸೀರೆಯೆಲ್ಲ ನೀರು. ಕೇಳಿದರೆ ಅವಳಿಗೂ ಏನು ಗೊತ್ತಾಯಿತೆಂದು ಹೇಳಲಾಗಲಿಲ್ಲ.

ನನ್ನ ಯಜಮಾನರು ಶಂಭುಲಿಂಗ ಒಂದೇ ಬೆಳಿಗ್ಗೆಯಲ್ಲಿ ಕಲಿತವರು. ಆಗ ಅವರಿಗೆ ಹತ್ತೊಂಬತ್ತು. ಎರಡು ಸಲ ಜಾರಿ ಕೆಳಗೆ ಬಂದರಂತೆ, ಮೂರನೇ ಸಲಕ್ಕೆ ಕಾಲು ನೆನೆಯಿತಂತೆ. ಅಷ್ಟು ಬೇಗ ಗುಡ್ಡ ಕಳೆದುಕೊಂಡವರನ್ನು ಊರು ಸ್ವಲ್ಪ ಅನುಮಾನದಿಂದಲೇ ನೋಡುತ್ತದೆ. ಅವಸರದ ಮನುಷ್ಯ, ಹೆಣ್ಣು ಕೊಡುವ ಮುಂಚೆ ಯೋಚಿಸಿ ಎನ್ನುತ್ತಾರೆ. ನಮ್ಮಪ್ಪನಿಗೆ ಯೋಚಿಸುವಷ್ಟು ಗಂಡುಗಳು ಬಂದಿರಲಿಲ್ಲ. ಹಾಗೆ ಒಂದೇ ಬೆಳಿಗ್ಗೆಯಲ್ಲಿ ಕಲಿತವರಿಗೂ ಯಾವತ್ತೂ ಕಲಿಯದವಳಿಗೂ ಮದುವೆಯಾಯಿತು. ಅವರು ಅವಸರದವರಲ್ಲ. ಪುರಸಭೆಯಲ್ಲಿ ನೀರು ಬಿಡುವ ಕೆಲಸ. ಬೆಳಗಿನ ಜಾವ ಉದ್ದನೆಯ ಕಬ್ಬಿಣದ ಕೀಲಿ ಹೆಗಲ ಮೇಲಿಟ್ಟುಕೊಂಡು ಬೀದಿ ಬೀದಿಯ ವಾಲ್ವು ತಿರುಗಿಸಿ ಬರುವರು. ಸಂಜೆ ನಾಲ್ಕೂವರೆಗೆ ಕಾಫಿ ಫ್ಲಾಸ್ಕು ಹಿಡಿದು ಗುಡ್ಡದ ಬೇಲಿಗೆ ಒರಗಿ ನಿಲ್ಲುವರು. ನಮಗೆ ಮಕ್ಕಳಿಲ್ಲ. ಇಪ್ಪತ್ತೇಳು ವರ್ಷ ಆ ಮನುಷ್ಯ ಒಂದು ದಿನ ತಪ್ಪಿಸಲಿಲ್ಲ, ಮತ್ತು ನಾನು ಎಷ್ಟು ಸಲ ಬಿದ್ದೆನೆಂದು ಕೇಳಿ ನಗದ ದಿನವೂ ಇರಲಿಲ್ಲ.

ಗೇಟಿನ ಒಳಗೆ ಸುಣ್ಣ ಬಳಿದ ಒಂದು ಸಾಲು ಕಲ್ಲಿದೆ. ಅಲ್ಲಿಂದ ಹಿಮ ಶುರು. ಅವರು ಕಲ್ಲಿನ ತನಕ ಬಂದು ಫ್ಲಾಸ್ಕು ಚಾಚುವರು, ನಾನು ಆಚೆಯಿಂದ ಕೈ ಚಾಚುವೆ.

ಹೋದ ವರ್ಷ ಶ್ರಾವಣದಲ್ಲಿ ಬಾವಿಕಟ್ಟೆ ಬೀದಿಗೆ ಮೂರು ದಿನ ಒಂದೇ ಸಮ ನೀರು ಬಂತು. ಆ ಬೀದಿಯವರು ಖುಷಿಯಿಂದ ಹಾಸಿಗೆ ಹೊದಿಕೆಯೆಲ್ಲ ಒಗೆದುಕೊಂಡರು, ಉಳಿದ ಬೀದಿಯವರು ಖಾಲಿ ಕೊಡ ಹಿಡಿದು ನಮ್ಮ ಮನೆಮುಂದೆ ಬಂದರು. ಯಜಮಾನರು ನಿಂತು ನೋಡಿದರು, ಇವತ್ತು ಯಾವ ವಾರ ಎಂದು ನನ್ನನ್ನು ಕೇಳಿದರು. ವಯಸ್ಸಾಯಿತು, ನಿದ್ದೆ ಸಾಲದು ಎಂದುಕೊಂಡೆ. ಆಮೇಲೆ ಒಂದೇ ದಿನ ಮೂರು ಸಲ ಕೊತ್ತಂಬರಿ ಸೊಪ್ಪು ತಂದರು. ಒಂದು ದಿನ ಬಚ್ಚಲಲ್ಲಿ ನಿಂತು, ಬಾಗಿಲು ಎಲ್ಲಿದೆ ಎಂದು ಮೆಲ್ಲಗೆ ಕೇಳಿದರು. ಪುರಸಭೆಯವರು ಒಳ್ಳೆಯ ಮಾತಿನಲ್ಲೇ ಕೀಲಿ ವಾಪಸು ತೆಗೆದುಕೊಂಡರು. ಡಾಕ್ಟರು ಒಂದಿಷ್ಟು ಪ್ರಶ್ನೆ ಕೇಳಿ, ಒಂದಿಷ್ಟು ಮಾತ್ರೆ ಬರೆದು, ತಿಂಗಳು ಬಿಟ್ಟು ಬನ್ನಿ ಅಂದರು. ಏನಾಗಿದೆ ಎಂದು ಕೇಳಿದರೆ, ನೋಡೋಣ ಅಂದರು. ಅಷ್ಟು ಓದಿದವರೇ ನೋಡೋಣ ಅಂದರೆ ನಾನು ಏನನ್ನು ನೋಡಬೇಕು?

ಫ್ಲಾಸ್ಕು ಮಾತ್ರ ತಪ್ಪಲಿಲ್ಲ. ಒಂದು ಸಂಜೆ ನಾನು ಎರಡು ಮಕ್ಕಳಿಗೆ ಹಲಗೆ ಬಿಚ್ಚುತ್ತಿದ್ದೆ, ಅವರು ಕಲ್ಲು ದಾಟಿ ಬಂದರು. ಸುಮ್ಮನೆ, ಅಡುಗೆಮನೆಗೆ ಬರುವ ಹಾಗೆ ಬಂದು ‘ತಗೋ, ಆರೋಗುತ್ತೆ’ ಅಂದರು. ನಾನು ಲೋಟಕ್ಕೆ ಬಗ್ಗಿಸಿಕೊಂಡು ಅರ್ಧ ಕುಡಿದ ಮೇಲೆ ಅವರ ಕಾಲು ನೋಡಿದೆ. ಎಂಟು ಹೆಜ್ಜೆಯ ಗುರುತು. ಎಂಟೂ ಅಚ್ಚುಕಟ್ಟಾಗಿ, ಹಿಟ್ಟಿನಲ್ಲಿ ಒತ್ತಿದ ಹಾಗೆ, ಒಣಗಿಯೇ ಇದ್ದವು.

ಬೇಲಿಯ ಹೊರಗೆ ಹಗ್ಗದ ಮೋಟಾರು ನಡೆಸುವ ಮಾಬುಸಾಬ್ ಕೂತಿದ್ದ. ಕಲಿಯುವವರು ಆ ಹಗ್ಗ ಹಿಡಿದರೆ ಅದು ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ. ಅವನು ಇಪ್ಪತ್ತು ವರ್ಷದಿಂದ ಅಲ್ಲೇ ಕೂತವನು. ಅವನೂ ನೋಡಿದ. ನೋಡಿ, ಬಗ್ಗಿ ಮೋಟಾರಿಗೆ ಎಣ್ಣೆ ಬಿಡತೊಡಗಿದ. ಎಣ್ಣೆ ಬೆಳಿಗ್ಗೆಯೇ ಬಿಟ್ಟಾಗಿತ್ತು.

ಅವತ್ತಿನಿಂದ ನನಗೆ ಒಂದು ಹುಚ್ಚು ಹತ್ತಿತು. ಡಾಕ್ಟರು ಹೇಳದಿದ್ದರೇನು, ಗುಡ್ಡ ಹೇಳುತ್ತದಲ್ಲ. ದಿನಾ ಬೆಳಿಗ್ಗೆ ಗೇಟು ತೆರೆಯುವ ಮುಂಚೆ ಅವರನ್ನು ಕರೆತಂದು, ಸುಣ್ಣದ ಕಲ್ಲಿನಾಚೆ ಒಂದು ಕಾಲು ಇಡಿಸುವೆ. ಕೆಲವು ದಿನ ಇಟ್ಟ ಕೂಡಲೇ ನೀರಾಗುತ್ತಿತ್ತು. ಆಗ ನಮ್ಮವರು ನಮ್ಮವರೇ. ‘ಏನೇ ಚಂದ್ರಾ, ಬೆಳಬೆಳಿಗ್ಗೆ ನನ್ನ ಕಾಲು ತೊಯ್ಸೋ ಹರಕೆ ಏನು ನಿಂದು’ ಎಂದು ಬೈಯುವರು. ಆ ಬೈಗುಳ ಕೇಳಿ ನಾನು ಮನೆಗೆ ಹೋಗಿ ಶಾವಿಗೆ ಪಾಯಸ ಮಾಡುವೆ. ಕೆಲವು ದಿನ ಹಿಮ ಹಾಗೆಯೇ ಇರುತ್ತಿತ್ತು. ಆಗ ಅವರು ಹಿಮವನ್ನು ನೋಡಿ, ಅರೆ, ಇದೇನು ಇಷ್ಟು ಬೆಳ್ಳಗಿದೆ ಎಂದು ಕಣ್ಣರಳಿಸುವರು. ನನ್ನನ್ನು ಟೀಚರ್ ಎನ್ನುವರು. ಮೇಲೆ ಕರೆದುಕೊಂಡು ಹೋಗುತ್ತೀರಾ ಎಂದು ಬಹುವಚನದಲ್ಲಿ ಕೇಳುವರು. ಗಂಡನ ಬಾಯಲ್ಲಿ ಬಹುವಚನ ಕೇಳುವ ಕಷ್ಟ ಪಟ್ಟವರಿಗೇ ಗೊತ್ತು. ನಾನು ಕೈ ಹಿಡಿದು ಮನೆಗೆ ಎಳೆದುಕೊಂಡು ಬರುತ್ತಿದ್ದೆ.

ಸುದ್ದಿ ನಿಲ್ಲುತ್ತದೆಯೇ? ನೀರು ಬಿಡುವ ಶಂಭುಲಿಂಗಪ್ಪನಿಗೆ ಗುಡ್ಡ ವಾಪಸು ಸಿಕ್ಕಿದೆಯಂತೆ ಎಂದು ಊರೆಲ್ಲ ಗುಲ್ಲಾಯಿತು. ಒಂದು ಭಾನುವಾರ ಗೇಟಿನ ಮುಂದೆ ಸಂತೆಯಷ್ಟು ಜನ. ನಾನೂ ಮರೆತಿದ್ದೇನೆ, ನನಗೂ ಏನೂ ನೆನಪಿಲ್ಲ, ಒಂದು ಸಲ ಕಾಲಿಟ್ಟು ನೋಡುತ್ತೇನೆ ಎಂದು ದುಂಬಾಲು ಬಿದ್ದರು. ಹೈಸ್ಕೂಲು ಹೆಡ್‌ಮಾಸ್ಟರು, ಎಪ್ಪತ್ತು ದಾಟಿದವರು, ಪಂಚೆ ಎತ್ತಿ ಕಟ್ಟಿ ಸಾಲಿನಲ್ಲಿ ನಿಂತಿದ್ದರು. ಒಬ್ಬೊಬ್ಬರೇ ಕಲ್ಲಿನಾಚೆ ಕಾಲಿಟ್ಟರು, ಒಬ್ಬೊಬ್ಬರ ಕಾಲಡಿಯೂ ನೀರಾಯಿತು. ಮಧ್ಯಾಹ್ನದ ಹೊತ್ತಿಗೆ ಗೇಟಿನ ಹತ್ತಿರ ಗದ್ದೆಯಂಥ ಕೆಸರು. ಮರೆತೆ ಎಂದು ನೆನಪಿಟ್ಟುಕೊಂಡು ಬಂದವರಿಗೆ ಗುಡ್ಡ ಹೇಗೆ ಸಿಗುತ್ತದೆ ಎಂದು ಮಾಬುಸಾಬ್ ಹೇಳಿ ಕಳಿಸಿದ. ಹೆಡ್‌ಮಾಸ್ಟರು ಮಾತ್ರ ಕಲ್ಲು ಬೆಂಚಿನ ಮೇಲೆ ಸಂಜೆಯ ತನಕ ಕೂತಿದ್ದರು. ಅವರ ಮೇಲೆ ನನಗೆ ಸಿಟ್ಟು ಬಂತು. ಯಾವುದನ್ನು ಕೇಳಿಕೊಂಡು ಬಂದಿದ್ದೇವೆಂದು ಇವರಿಗೆ ತಿಳಿದಿದೆಯೇ ಎನ್ನಿಸಿತು.

ಜಯಶೀಲಪ್ಪನವರು ರಿಜಿಸ್ಟರು ತಂದರು. ಕಲಿತವರ ಪಟ್ಟಿಯಲ್ಲಿ ಯಜಮಾನರ ಹೆಸರಿದೆ, ನಲವತ್ತು ವರ್ಷದ ಹಿಂದಿನ ಶಾಯಿಯಲ್ಲಿ. ಅಲ್ಲಿಂದ ಹೊರಗೆ ಬರುವುದಕ್ಕೆ ಕಾಲಂ ಇಲ್ಲ. ಒಳ್ಳೆಯ ಮನುಷ್ಯ, ತುಂಬಾ ಹೊತ್ತು ಹಾಳೆ ತಿರುವಿದರು. ಕೊನೆಗೆ, ಹಿಮ ತಡೆಯುವ ದಿನ ಅವರನ್ನು ಹೊಸ ಸೇರ್ಪಡೆ ಎಂದು ಬರೆಯುತ್ತೇನೆ, ತಡೆಯದ ದಿನ ಬರೆಯುವುದಿಲ್ಲ, ಮೇಲಿನವರು ಕೇಳಿದರೆ ನನಗೂ ಗೊತ್ತಿಲ್ಲ ಎನ್ನುತ್ತೇನೆ ಅಂದರು. ನನಗೆ ಅದು ಬೇಡವಾಗಿತ್ತು. ಅವರನ್ನು ಒಂದು ಸಲ ಮೇಲೆ ಕರೆದುಕೊಂಡು ಹೋದರೆ ಒಪ್ಪಿಕೊಂಡ ಹಾಗೆಯೇ ಅಲ್ಲವೇ? ಅವರಿಗೆ ಅವರೇ ಇಲ್ಲ, ನನಗೂ ಇಲ್ಲ ಎಂದು ಸಹಿ ಹಾಕಿಕೊಟ್ಟಂತೆ.

ಮಾಬುಸಾಬ್ ಅವತ್ತು ಎಂದಿಗಿಂತ ಹೆಚ್ಚು ಮಾತಾಡಿದ. ‘ಅಕ್ಕಾ, ಒಣಗಿದ ದಿನ ನೀವು ಅವರ ಕಾಲು ನೋಡ್ತೀರಿ. ಮುಖ ನೋಡಿಲ್ಲ’ ಅಂದ.

ಮಾರನೇ ದಿನ ನೋಡಿದೆ. ಹಿಮ ಗಟ್ಟಿಯಾಗಿತ್ತು. ಆ ಮುಖದಲ್ಲಿ ಹತ್ತೊಂಬತ್ತು ವರ್ಷದ ಹುಡುಗನಿದ್ದ. ನಾನು ಆ ಹುಡುಗನನ್ನು ಯಾವತ್ತೂ ಕಂಡಿರಲಿಲ್ಲ. ಮದುವೆಯ ಹೊತ್ತಿಗೆ ಅವರಿಗೆ ಮೂವತ್ತು ದಾಟಿತ್ತು. ಹಲಗೆ ತಂದು ಕಾಲಿಗೆ ಕಟ್ಟಿದೆ.

ಈ ಸಲ ಅವರು ಒಂದೇ ಬೆಳಿಗ್ಗೆಯಲ್ಲಿ ಕಲಿಯಲಿಲ್ಲ. ಕಲಿತದ್ದು ಮಾರನೇ ದಿನಕ್ಕೆ ಉಳಿಯುತ್ತಿರಲಿಲ್ಲ. ಬೀಳುವರು, ಬಿದ್ದಲ್ಲೇ ಮಲಗಿ ನಗುವರು, ಟೀಚರ್ ನೀವು ನಡುವಲ್ಲಿ ಬಿದ್ದಿರಿ ನಾನು ಇನ್ನೂ ಕೆಳಗೆ ಬಿದ್ದೆ ಎಂದು ಜಂಭ ಕೊಚ್ಚುವರು. ಎರಡು ತಿಂಗಳಲ್ಲಿ ಹಿಮ ತಡೆದ ದಿನಗಳು ಹೆಚ್ಚಾದವು, ನೀರಾದ ದಿನಗಳು ಕಡಿಮೆಯಾದವು. ಬೆಳಿಗ್ಗೆ ಗೇಟಿಗೆ ಬರುವಾಗ ನಾನು ಏನೆಂದು ದೇವರನ್ನು ಬೇಡಿಕೊಳ್ಳಬೇಕೋ ತಿಳಿಯುತ್ತಿರಲಿಲ್ಲ. ನೀರಾಗಲಿ ಎಂದು ಶುರು ಮಾಡಿ, ಅವರ ಮುಖ ನೋಡಿ, ಅರ್ಧಕ್ಕೆ ನಿಲ್ಲಿಸುತ್ತಿದ್ದೆ.

ಒಂದು ತೊಂದರೆ ಇತ್ತು. ಬೇರೆ ಕಲಿಯುವವರನ್ನು ನಾನು ಹೆಸರು ಹಿಡಿದು ಕೂಗುತ್ತೇನೆ. ಗುಡ್ಡದ ಮೇಲೆ ಹಾಗೆ ಕೂಗಲೇಬೇಕು. ಗಂಡನ ಹೆಸರನ್ನು ಹೇಗೆ ಕೂಗುವುದು? ರೀ ಎನ್ನುತ್ತಿದ್ದೆ. ನೀರಾದ ದಿನ ಅವರು ತಿರುಗುವರು. ಒಣಗಿದ ದಿನ ತಿರುಗುತ್ತಿರಲಿಲ್ಲ, ಬೇರೆ ಯಾರನ್ನೋ ಕರೆಯುತ್ತಿದ್ದಾಳೆ ಎಂದುಕೊಳ್ಳುವರು. ಹಾಗಾಗಿ ಕೂಗುವ ಗೋಜೇ ಬೇಡವೆಂದು ಕೈ ಹಿಡಿದುಕೊಂಡೇ ಜಾರುತ್ತಿದ್ದೆ. ಅವರು ಎಡಕ್ಕೆ ವಾಲಿದರೆ ನಾನು ಬಲಕ್ಕೆ. ಅವರು ಬೀಳುವಂತಾದರೆ ನಾನು ಕಾಲು ಊರಿ ತಡೆಯುವೆ. ನಾನು ಬಿದ್ದರೆ ಅವರೂ ಬೀಳುತ್ತಾರಲ್ಲ ಎಂಬ ಭಯದಲ್ಲಿ ಎಷ್ಟೋ ದಿನ ಬೀಳುವುದೇ ಮರೆತುಹೋಗಿತ್ತು. ಇದು ಆಗ ನನ್ನ ಗಮನಕ್ಕೇ ಬರಲಿಲ್ಲ.

ಯುಗಾದಿ ಕಳೆದು ಪರೀಕ್ಷೆಯ ದಿನ ಬಂತು. ಅವತ್ತು ಗುಡ್ಡಕ್ಕೆ ರಜೆ, ಕಲಿಯುವವರು ಯಾರೂ ಇಲ್ಲ. ಯಜಮಾನರನ್ನು ಮನೆಯಲ್ಲಿ ಬಿಡುವ ಹಾಗಿರಲಿಲ್ಲ. ಹಿಂದಿನ ವಾರವಷ್ಟೇ ಬಸ್ ಸ್ಟ್ಯಾಂಡಿಗೆ ಹೋಗಿ ಯಾವುದೋ ಬಸ್ಸು ಹತ್ತಿ ಕೂತಿದ್ದರು. ಗೇಟಿನಲ್ಲಿ ಕೂರಿಸಿದರೆ ಮಾಬುಸಾಬನ ಕಣ್ಣು ಮೋಟಾರಿನ ಮೇಲೆ, ಇನ್ಸ್‌ಪೆಕ್ಟರ ಕಣ್ಣು ನನ್ನ ಮೇಲೆ. ಅಂದು ಹಿಮವೂ ಅವರ ಕಾಲಡಿ ತಡೆದಿತ್ತು. ಹಾಗಾಗಿ ಹಗ್ಗ ಹಿಡಿಸಿ ನನ್ನ ಜೊತೆಗೇ ಮೇಲಕ್ಕೆ ಕರೆದುಕೊಂಡು ಹೋದೆ. ನೆತ್ತಿಯಲ್ಲಿ ಒಂದು ಬೆಂಚಿದೆ, ಅಲ್ಲಿ ಕೂರಿಸಿದೆ. ಕೆಳಗೆ ಹೋಗಿ ಬಿದ್ದು ಬರುತ್ತೇನೆ, ಎದ್ದು ಹೋಗಬೇಡಿ, ಬಂದು ಕೈ ಹಿಡಿದು ಇಳಿಸುತ್ತೇನೆ ಎಂದೆ. ಆಗಲಿ ಟೀಚರ್ ಅಂದರು. ಐದು ನಿಮಿಷದ ಕೆಲಸ ಎಂದುಕೊಂಡೆ. ನನ್ನಂಥ ಪೆದ್ದಿ ಈ ಊರಲ್ಲಿ ಇನ್ನೊಬ್ಬಳಿಲ್ಲ.

ಹೊರಟೆ. ಪ್ರತಿ ವರ್ಷ ಬೀಳುವ ತಿರುವು ಬಂತು. ಬೀಳಲಿಲ್ಲ. ಇನ್ನು ಮುಂದೆ ಬೀಳುತ್ತೇನೆ ಎಂದುಕೊಂಡೆ. ಬೆನ್ನ ಹಿಂದೆ ಅವರು ಏನು ಮಾಡುತ್ತಿದ್ದಾರೋ ಎಂದು ಮನಸ್ಸೆಲ್ಲ ಅಲ್ಲೇ ಇತ್ತು. ಕಾಲು ತನ್ನಷ್ಟಕ್ಕೆ ಮಡಚಿತು, ತನ್ನಷ್ಟಕ್ಕೆ ತಿರುಗಿತು. ಕೈಯಲ್ಲಿ ಕೈ ಇಲ್ಲದಿದ್ದರೂ ಇದ್ದಂತೆಯೇ ತೂಗಿಕೊಂಡು ಬಂದೆ. ಸುಣ್ಣದ ಕಲ್ಲಿನ ಹತ್ತಿರ ನಿಂತಾಗ ಜಯಶೀಲಪ್ಪನವರು ಕೊಡೆ ಕೆಳಗಿಳಿಸಿದ್ದರು. ಕಾಲಿಗೆ ತಣ್ಣಗೆ ಏನೋ ಹತ್ತಿತು. ಬಗ್ಗಿ ನೋಡಿದರೆ ನನ್ನ ಎರಡು ಹಲಗೆಯೂ ನೀರಿನಲ್ಲಿದ್ದವು.

ಎಷ್ಟು ಹೊತ್ತು ಆ ನೀರನ್ನು ನೋಡುತ್ತಾ ನಿಂತೆನೋ. ಇದು ನನ್ನದಲ್ಲ, ಬೇರೆ ಯಾರದೋ ಎನ್ನಿಸುತ್ತಿತ್ತು. ನನಗೇನು ಬರುತ್ತದೆ? ನನಗೆ ಯಾವಾಗ ಬಂತು? ಆಗ ಮಾಬುಸಾಬ್ ‘ಅಕ್ಕಾ, ಮೇಲೆ’ ಅಂದ.

ಯಜಮಾನರು ಬೆಂಚಿನಿಂದ ಎದ್ದು ನಿಂತಿದ್ದರು. ನನ್ನ ಕಡೆ ನೋಡುತ್ತಿರಲಿಲ್ಲ. ಕ್ವಾರಿಯ ಕಡೆ ಮುಖ ಮಾಡಿದ್ದರು, ಕಾಲಲ್ಲಿ ಹಲಗೆ. ನಾನು ಹಲಗೆ ಕಿತ್ತೆಸೆದು ಓಡಿದೆ. ನಾಲ್ಕನೇ ಹೆಜ್ಜೆಗೆ ಮೊಣಕಾಲ ತನಕ ಹೂತು, ನೀರು ಕಾಲುವೆಯಂತೆ ಹರಿಯಿತು, ಮೇಲಿನ ಹಿಮದಲ್ಲಿ ಸಣ್ಣಗೆ ಬಿರುಕು ಬಿಟ್ಟ ಸದ್ದಾಯಿತು. ಜಯಶೀಲಪ್ಪನವರು ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದರು. ಇನ್ನು ಎರಡು ಹೆಜ್ಜೆ ಹತ್ತಿದರೆ ಇಡೀ ಗುಡ್ಡ ಅವರನ್ನೂ ಕೂಡಿಕೊಂಡು ಬರುತ್ತದೆ ಎಂದು ನಾನೇ ಸಾವಿರ ಜನಕ್ಕೆ ಹೇಳಿದವಳು. ಅಲ್ಲಿದ್ದ ಮೂವರೂ ಕಲಿತವರು. ಮೂವರಿಂದಲೂ ಉಪಯೋಗವಿಲ್ಲ.

ರೀ ಎಂದು ಕೂಗಿದೆ. ಎರಡು ಸಲ, ಮೂರು ಸಲ. ಅವರು ಕ್ವಾರಿಯ ಕಡೆ ಒಂದು ಹೆಜ್ಜೆ ಸರಿದರು. ರೀ ಎಂದರೆ ಯಾರಾದರೂ ಆಗಬಹುದು, ಊರಿನ ಅರ್ಧ ಗಂಡಸರು ರೀ. ಎರಡೂ ಕೈ ಬಾಯಿಗೆ ಅಡ್ಡ ಹಿಡಿದು ಕೂಗಿದೆ.

‘ಶಂಭುಲಿಂಗಾ!’

ಗುಡ್ಡಕ್ಕೆ ಬಡಿದು ವಾಪಸು ಬಂತು. ಮೂವತ್ತು ವರ್ಷ ಬಾಯಲ್ಲಿ ತಾರದೆ ಇಟ್ಟುಕೊಂಡ ಹೆಸರು, ಸಂತೆ ಮೈದಾನದ ತನಕ ಕೇಳಿತಂತೆ. ಅವರು ನಿಂತರು. ತಿರುಗಿದರು.

‘ಯಾರು ಕರೆದಿದ್ದು?’ ಎಂದು ಮೇಲಿನಿಂದ ಕೇಳಿದರು.

‘ನಾನು, ಟೀಚರು. ಶಂಭುಲಿಂಗಾ, ಈ ಕಡೆ ನೋಡು. ಮೊಣಕಾಲು ಮಡಚು. ನನ್ನನ್ನೇ ನೋಡ್ತಾ ಬಾ.’

ಏಕವಚನವೂ ಅದರ ಜೊತೆಗೇ ಬಂದುಬಿಟ್ಟಿತು. ಅವರು ಮಡಚಿದರು. ನಾನು ಕೆಳಗೆ ಎಡಕ್ಕೆ ವಾಲಿದೆ, ಅವರು ಮೇಲೆ ಬಲಕ್ಕೆ ವಾಲಿದರು. ತಿರುವಿನಲ್ಲಿ ಬಿದ್ದರು, ಎದ್ದರು. ಬಿರುಕಿನ ಹತ್ತಿರ ಇನ್ನೊಮ್ಮೆ ಬಿದ್ದು, ಕೂತೇ ಸ್ವಲ್ಪ ದೂರ ಜಾರಿ, ಮತ್ತೆ ಎದ್ದರು. ಪ್ರತಿ ಸಲವೂ ನಾನು ಹೆಸರು ಕೂಗಿದೆ, ಪ್ರತಿ ಸಲವೂ ಅವರು ತಲೆ ಎತ್ತಿ ನನ್ನನ್ನು ಹುಡುಕಿದರು. ಹಾಗೆ ಬಂದು ಸುಣ್ಣದ ಕಲ್ಲಿನ ಹತ್ತಿರ, ನನ್ನ ಮುಂದೆ ನಿಂತರು. ಅವರು ಬಂದ ದಾರಿಯುದ್ದಕ್ಕೂ ಹಿಮ ಒಣಗಿಯೇ ಇತ್ತು.

ಏದುಸಿರು ಬಿಡುತ್ತಾ ನನ್ನನ್ನು ನೋಡಿದರು. ಆಮೇಲೆ ನನ್ನ ಕಾಲು ನೋಡಿದರು. ಅವರ ಮುಖ ಬದಲಾಯಿತು.

‘ಟೀಚರ್, ನಿಮ್ಮ ಕಾಲು ನೆಂದಿದೆ. ಸೋದರಮಾವ ಯಾರೂ ಬರಲಿಲ್ವಾ?’

ಬರಲಿಲ್ಲ ಎಂದೆ. ನನ್ನ ಸೋದರಮಾವ ಸತ್ತು ಹದಿನೈದು ವರ್ಷ. ಅವರೇ ಹಲಗೆ ಬಿಚ್ಚಿಟ್ಟು, ನನ್ನ ಕೈ ಹಿಡಿದು ಗೇಟಿನ ಹೊರಗಿನ ಕಲ್ಲು ಬೆಂಚಿನ ಮೇಲೆ ಕೂರಿಸಿದರು. ಕೆಳಗೆ ಕೂತು, ಹೆಗಲ ಮೇಲಿನ ಟವೆಲು ತೆಗೆದು ನನ್ನ ಎರಡೂ ಪಾದ ಒರೆಸಿದರು, ಬೆರಳ ಸಂದಿಯನ್ನೂ ಬಿಡದೆ. ಎಷ್ಟು ವರ್ಷ ಆಯಿತು ಕಲಿಯುವುದಕ್ಕೆ ಎಂದು ಕೇಳಿದರು. ಇಪ್ಪತ್ತೇಳು ಅಂದೆ. ಪರವಾಗಿಲ್ಲ, ಕಲಿತಿರಲ್ಲ, ಅಷ್ಟು ಸಾಕು ಅಂದರು. ಬೆಲ್ಲ ಯಾರ ಹತ್ತಿರವೂ ಇರಲಿಲ್ಲ. ಮಾಬುಸಾಬ್ ತನ್ನ ಡಬ್ಬಿಯಿಂದ ಒಂದು ಖರ್ಜೂರ ಕೊಟ್ಟ, ಅದನ್ನು ನನ್ನ ಬಾಯಿಗಿಟ್ಟರು. ನಾನು ಅಳುತ್ತಿದ್ದೆ, ಹೌದು, ಅದರಲ್ಲಿ ಮುಚ್ಚಿಡುವುದೇನಿದೆ. ಜಯಶೀಲಪ್ಪನವರು ಕಲಿತವರ ಪಟ್ಟಿಯಲ್ಲಿ ನನ್ನ ಹೆಸರು ಬರೆದು, ಪೆನ್ನು ಮುಚ್ಚದೆ ಹಾಗೆಯೇ ನಿಂತಿದ್ದರು.

ಈಗ ಗುಡ್ಡದ ಟೀಚರು ತರಕಾರಿ ಮಾರುತ್ತಿದ್ದ ಹನುಮಕ್ಕ. ಚೆನ್ನಾಗಿಯೇ ಬೀಳುತ್ತಾಳೆ. ನನ್ನನ್ನು ಗೇಟಿನಲ್ಲಿ ಹೆಸರು ಬರೆದುಕೊಳ್ಳುವ ಕೆಲಸಕ್ಕೆ ಹಾಕಿದ್ದಾರೆ. ನೆತ್ತಿಯ ಹಿಂದೆ ಕ್ವಾರಿಗೆ ಅಡ್ಡಲಾಗಿ ಎದೆಯೆತ್ತರದ ಗೋಡೆ ಕಟ್ಟಿಸಿದರು, ಅದಕ್ಕೆ ನಾನು ಪುರಸಭೆಯ ಮೆಟ್ಟಿಲು ಎಷ್ಟು ಸಲ ಹತ್ತಿದೆನೆಂದು ಅವರನ್ನೇ ಕೇಳಬೇಕು. ಬೆಳಿಗ್ಗೆ ನಾವಿಬ್ಬರೂ ಬರುತ್ತೇವೆ. ಅವರು ಸುಣ್ಣದ ಕಲ್ಲಿನಾಚೆ ಒಂದು ಕಾಲು ಇಡುತ್ತಾರೆ, ನಾನು ನೋಡುತ್ತೇನೆ. ಏನಾಗಲಿ ಎಂದು ಬೇಡಿಕೊಳ್ಳುವುದನ್ನು ಬಿಟ್ಟಿದ್ದೇನೆ. ಎರಡು ವಾರಕ್ಕೊಮ್ಮೆ ನೀರಾಗುತ್ತದೆ. ಆ ದಿನ ಅವರು ನನ್ನ ಪಕ್ಕ ಬೇಲಿಗೆ ಒರಗಿ ನಿಂತು, ನೀನ್ಯಾಕೆ ಮೇಲೆ ಹೋಗಿಲ್ಲ ಎನ್ನುತ್ತಾರೆ. ನಾನು ಕಲಿತೆ ಕಣ್ರೀ ಎಂದರೆ ನಂಬುವುದಿಲ್ಲ, ಸುಳ್ಳು ಹೇಳ್ಬೇಡ ಕಣೇ ಎಂದು ನಗುತ್ತಾರೆ.

ಉಳಿದ ದಿನ ಹನುಮಕ್ಕನ ಜೊತೆ ಹಗ್ಗ ಹಿಡಿದು ಮೇಲೆ ಹೋಗುತ್ತಾರೆ. ನಾನು ಹೆಗಲ ಮೇಲೊಂದು ಒಣ ಟವೆಲು ಹಾಕಿಕೊಂಡು, ಸೆರಗಿನಲ್ಲಿ ಬೆಲ್ಲದ ಚೂರು ಕಟ್ಟಿಕೊಂಡು, ಫ್ಲಾಸ್ಕು ಹಿಡಿದು ಬೇಲಿಯ ಈಚೆ ನಿಲ್ಲುತ್ತೇನೆ. ನೆತ್ತಿಗೆ ಹೋದ ಮೇಲೆ ಅವರಿಗೆ ಯಾವ ಕಡೆ ಬರಬೇಕೆಂದು ಗೊತ್ತಾಗುವುದಿಲ್ಲ. ಗೋಡೆ ನೋಡುತ್ತಾರೆ, ಆಕಾಶ ನೋಡುತ್ತಾರೆ. ಆಗ ನಾನು ಹೆಸರು ಕೂಗುತ್ತೇನೆ. ಸಂತೆಯ ಹೆಂಗಸರು ಮೊದಮೊದಲು ಬಾಯಿಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದರು, ಈಗ ರೂಢಿಯಾಗಿದೆ. ಯಾರು ಕರೆದದ್ದೆಂದು ಅವರಿಗೆ ಗೊತ್ತಿರುವುದಿಲ್ಲ. ಆದರೂ ತಿರುಗುತ್ತಾರೆ. ಇವತ್ತೂ ತಿರುಗಿದರು.